ನೇಕಾರನ ಗಾಡಿ, ಎದುರುಮನೆಯ ಕೌದಿ

“ಅಜ್ಜಾರ, ನಂದನ್ನ ನಾ ಕಾಯ್ಕೊಳ್ಳೋದು ತಪ್ಪೇನ್ರಿ?” ಎಂದು ಪ್ರಭುಲಿಂಗ ಕೇಳಿದ.

ಕೇಳಿದ್ದು ಮಠದ ಜಗಲಿಯಲ್ಲಿ, ಪ್ರವಚನ ಮುಗಿದು ಎಲ್ಲರೂ ಎದ್ದುಹೋದ ಮೇಲೆ. ಪ್ರಭುಲಿಂಗನಿಗೆ ಊರಲ್ಲಿ ಔಷಧದ ಅಂಗಡಿ. ಹೊಸ ಮೋಟಾರ್ ಸೈಕಲ್ ಕೊಂಡಂದಿನಿಂದ ಅವನ ಮೈ ಜಗಲಿಯ ಮೇಲೆ, ಮನಸ್ಸು ಗೇಟಿನ ಹೊರಗೆ. ಪ್ರವಚನದ ನಡುವೆ ಎದ್ದು ಹೋಗಿ ಗಾಡಿ ಇದೆಯೇ ಎಂದು ನೋಡಿ ಬರುತ್ತಿದ್ದ. ಹಿಂದಿನ ವಾರ ಗಾಡಿಯ ಮೇಲಿಟ್ಟಿದ್ದ ಹೆಲ್ಮೆಟ್ ಕಾಣೆಯಾಯಿತು. ಗೇಟಿನ ಎದುರು ಹೂವು ಮಾರುವ ಗೌರವ್ವನನ್ನು ಅವನು ನಾಲ್ಕು ಜನರ ಮುಂದೆ ಕೇಳಿಬಿಟ್ಟ: ಇಡೀ ದಿನ ಇಲ್ಲಿ ಕೂರುವವಳು ನೀನು, ನಿನಗೆ ಗೊತ್ತಿಲ್ಲದೆ ಹೇಗೆ ಹೋಗುತ್ತದೆ ಎಂದು. ಮರುದಿನದಿಂದ ಅವಳು ಹೂವಿನ ಬುಟ್ಟಿಯನ್ನು ಆ ಕಡೆ ತಿರುಗಿಸಿಟ್ಟು, ಗಾಡಿಗಳಿಗೆ ಬೆನ್ನು ಮಾಡಿ ಕೂರತೊಡಗಿದಳು. ಅಂದಿನಿಂದ ಪ್ರಭುಲಿಂಗನಿಗೆ ಸಮಾಧಾನವಿಲ್ಲ. ನಾನು ಕೇಳಿದ್ದರಲ್ಲಿ ತಪ್ಪೇನಿದೆ ಎಂದು ತನ್ನನ್ನು ತಾನೇ ಕೇಳಿಕೊಂಡು ಸಾಕಾಗಿ, ಈಗ ಗುರುಗಳನ್ನು ಕೇಳಿದ.

ಗುರುಗಳು ಅವನ ಮುಷ್ಟಿಯಲ್ಲಿದ್ದ ಚಾವಿಗೊಂಚಲನ್ನು ನೋಡಿದರು. ಕೂತುಕೋ, ಒಂದು ಕತೆ ಹೇಳುತ್ತೇನೆ, ಅಷ್ಟರಲ್ಲಿ ನಿನ್ನ ಗಾಡಿ ಕಾಶಿಗೆ ಹೋಗುವುದಿಲ್ಲ ಎಂದರು. ಪ್ರಭುಲಿಂಗ ಕೂತ. ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ನೇಕಾರರ ಓಣಿ. ಆ ಓಣಿಯಲ್ಲಿ ಒಬ್ಬ ನೇಕಾರನಿದ್ದ. ಒಳ್ಳೆಯ ಕೆಲಸಗಾರ, ಕೆಟ್ಟ ಮನುಷ್ಯನಲ್ಲ. ಇದನ್ನು ಕೊನೆಯ ತನಕ ನೆನಪಿಟ್ಟುಕೋ, ಕತೆಯ ನಡುವೆ ನಿನಗೆ ಮರೆತುಹೋಗುವ ಸಂಭವವಿದೆ.

ನೇಯುವುದು ಒಬ್ಬನ ಕೆಲಸ ಎಂದು ನೋಡುವವರು ತಿಳಿಯುತ್ತಾರೆ. ಮಗ್ಗದ ಮುಂದೆ ಕೂರುವವನು ಒಬ್ಬನೇ, ನಿಜ. ಆದರೆ ಸೀರೆಯ ಹಾಸು, ಅಂದರೆ ಉದ್ದದ ಎಳೆಗಳು, ಮಗ್ಗಕ್ಕೆ ಏರುವ ಮೊದಲು ಬೀದಿಗೆ ಬರಬೇಕು. ಓಣಿಯ ಈ ತುದಿಯ ಕಲ್ಲುಗೂಟದಿಂದ ಆ ತುದಿಯ ಕಲ್ಲುಗೂಟದವರೆಗೆ ಅದನ್ನು ಬಿಗಿಯಾಗಿ ಕಟ್ಟಿ, ಗಂಜಿ ಹಚ್ಚಿ, ಗಂಜಿ ಆರುವುದರೊಳಗೆ ಎಳೆ ಎಳೆಯನ್ನೂ ಬಿಡಿಸಬೇಕು. ಆರಿತೋ, ಎಳೆಗಳು ಒಂದಕ್ಕೊಂದು ಅಂಟಿಕೊಂಡು ಹಾಸು ಹಗ್ಗವಾಗುತ್ತದೆ. ಮನೆಯವರ ಮುಂದಿನ ತಿಂಗಳ ಅನ್ನ ಬೀದಿಯಲ್ಲೇ ಹೋಗುತ್ತದೆ. ಅಷ್ಟುದ್ದದ ಹಾಸನ್ನು ಬಿಡಿಸಲು ಒಬ್ಬನ ಎರಡು ಕೈ ಎಲ್ಲಿ ಸಾಕಾಗುತ್ತವೆ? ಆದ್ದರಿಂದ ಆ ಓಣಿಯಲ್ಲಿ ಒಂದು ರೂಢಿ. ಯಾರೇ ಆಗಲಿ ಬೀದಿಯಲ್ಲಿ ನಿಂತು “ಒಂದು ಕೈ ಹಾಕ್ರೆಪಾ” ಎಂದು ಕೂಗಿದರೆ, ಇದ್ದವರೆಲ್ಲ ಮಗ್ಗ ಬಿಟ್ಟು ಎದ್ದು ಬರಬೇಕು. ಏನು, ಏಕೆ ಎಂದು ಕೇಳಬಾರದು. ಕೇಳುವಷ್ಟರಲ್ಲಿ ಗಂಜಿ ಆರುತ್ತದೆ.

ಇನ್ನೊಂದು ರೂಢಿಯೂ ಇತ್ತು. ಪರಸ್ಥಳಕ್ಕೆ ಹೋಗುವವರು ಮನೆಗೆ ಬೀಗ ಹಾಕಿ, ಚಾವಿಯನ್ನು ಎದುರುಮನೆಯಲ್ಲಿ ಕೊಟ್ಟು ಹೋಗುತ್ತಿದ್ದರು. ದೇವರ ಮುಂದೆ ದೀಪ ಹಚ್ಚಬೇಕಾಗುತ್ತದೆ, ಬೆಕ್ಕು ಒಳಗೆ ಸಿಕ್ಕಿಕೊಂಡಿದ್ದರೆ ಬಿಡಬೇಕಾಗುತ್ತದೆ. ಬೀಗ ಹಾಕುವುದು ಕಂಡವರಿಗಾಗಿ, ಚಾವಿ ಕೊಡುವುದು ನಮ್ಮವರಿಗೆ ಎಂದು ಅವರ ತಿಳಿವಳಿಕೆ.

ನಮ್ಮ ನೇಕಾರನ ಎದುರುಮನೆಯಲ್ಲಿ ಒಬ್ಬ ವಯಸ್ಸಾದ ನೇಕಾರ. ಇವನು ಅವನನ್ನು ಕಾಕಾ ಎನ್ನುತ್ತಿದ್ದ. ರಕ್ತಸಂಬಂಧವೇನಿಲ್ಲ. ಚಿಕ್ಕವನಿದ್ದಾಗ ಮಗ್ಗದ ಕೆಲಸ ಕಲಿತದ್ದು ಅವನ ಮನೆಯಲ್ಲಿ, ಕಲಿಯುವಾಗ ಊಟ ಮಾಡಿದ್ದೂ ಅಲ್ಲಿಯೇ.

ನೇಕಾರ ಸೀರೆಗಳನ್ನು ಗಂಟು ಕಟ್ಟಿ ಪೇಟೆಗೆ ಬಸ್ಸಿನಲ್ಲಿ ಒಯ್ಯುತ್ತಿದ್ದ. ಬಸ್ಸು ತಪ್ಪಿದರೆ ವ್ಯಾಪಾರಿ ಬೇರೆಯವರ ಮಾಲು ತೆಗೆದುಕೊಂಡುಬಿಡುತ್ತಿದ್ದ. ಬಹಳ ದಿನ ಹೊಟ್ಟೆ ಬಟ್ಟೆ ಕಟ್ಟಿ ಕೊನೆಗೆ ಒಂದು ಮೋಟಾರ್ ಸೈಕಲ್ ಕೊಂಡ. ತಂದ ದಿನ ಓಣಿಯವರೆಲ್ಲ ಅದಕ್ಕೆ ಕುಂಕುಮ ಹಚ್ಚಿದರು. ಕಾಕಾ ತಾನೇ ನಿಂಬೆಹಣ್ಣು ತಂದು ಗಾಲಿಯ ಕೆಳಗೆ ಇಟ್ಟ. ಎಲ್ಲರಿಗೂ ಸಂತೋಷವಾಗಿತ್ತು.

ಆಮೇಲೆ ಅವನಿಗೆ ಹೆದರಿಕೆ ಹತ್ತಿತು.

ಗಾಡಿಯ ಜೊತೆ ಹ್ಯಾಂಡಲ್ ಲಾಕ್ ಬಂದೇ ಇತ್ತು. ಪಕ್ಕದ ಊರಿನ ಸಂತೆಯಲ್ಲಿ ಯಾರದೋ ಗಾಡಿ ಕಳುವಾಯಿತೆಂದು ಕೇಳಿ ಮುಂದಿನ ಗಾಲಿಗೆ ಒಂದು ಬೀಗ ತಂದ. ಸುತ್ತಿಗೆಯ ಒಂದೇ ಪೆಟ್ಟಿಗೆ ಇದು ಒಡೆಯುತ್ತದೆ ಎಂದು ಮಾರಿದವನೇ ಹೇಳಿದ, ಹೇಳಿ ಹಿಂದಿನ ಗಾಲಿಗೆ ದಪ್ಪ ಸರಪಳಿ ಮಾರಿದ. ಸರಪಳಿಯನ್ನು ಕತ್ತರಿಸುವ ಕಟರ್ ಬಂದಿದೆ ಎಂದು ಮುಂದಿನ ಸಲ ಹೇಳಿ ಸೈರನ್ ಮಾರಿದ. ಬೀಗ ಮಾರುವವರಿಗೆ ಕಳ್ಳರ ವಿದ್ಯೆಯೆಲ್ಲ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಅವರ ಅಂಗಡಿ ಹೇಗೆ ನಡೆಯಬೇಕು?

ಸರಪಳಿಯನ್ನು ಅವನು ಮೊದಲು ತನ್ನ ಮನೆಯ ಮುಂದಿನ ಕಲ್ಲುಗೂಟಕ್ಕೆ ಸುತ್ತಿ ಬೀಗ ಹಾಕುತ್ತಿದ್ದ. ಆ ಗೂಟ ಹಾಸು ಕಟ್ಟುವ ಗೂಟ, ಓಣಿಗೆಲ್ಲ ಸೇರಿದ್ದು. ಒಂದು ಮುಂಜಾನೆ ಯಾರೋ ಹಾಸು ಹೊತ್ತು ತಂದು, ಬೀಗ ತೆಗೆಯಲಿ ಎಂದು ಕಾದು ನಿಂತರು. ಕಾಕಾ ಅವನನ್ನು ಕರೆದು, ಗೂಟ ಒಂದನ್ನು ಬಿಟ್ಟು ಬೇರೆ ಏನಕ್ಕಾದರೂ ಕಟ್ಟಿಕೋ ತಮ್ಮಾ ಎಂದ. ನೇಕಾರ ಮರುಮಾತಾಡದೆ ಬಿಚ್ಚಿದ. ಅಂದಿನಿಂದ ಸರಪಳಿಯನ್ನು ಬರೀ ಗಾಲಿಗೆ ಸುತ್ತಿ ಬೀಗ ಹಾಕತೊಡಗಿದ. ಆದರೆ ಒಳಗೆ ಒಂದು ಮುಳ್ಳು ಉಳಿಯಿತು. ನನ್ನ ಗಾಡಿಯ ಚಿಂತೆ ಇವರಿಗೇನು ಗೊತ್ತು ಎಂದುಕೊಂಡ.

ಸೈರನ್ನಿನ ಕತೆಯೇ ಬೇರೆ. ಆಡು ಮೈ ತಿಕ್ಕಿದರೆ ಅದು ಕೂಗುತ್ತಿತ್ತು. ಕಾಗೆ ಕೂತರೆ ಕೂಗುತ್ತಿತ್ತು. ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಬಡಿಯತೊಡಗಿದರೆ ನೆಲ ನಡುಗಿ ತಾನಾಗಿಯೇ ಕೂಗುತ್ತಿತ್ತು. ಪ್ರತಿ ಸಲ ನೇಕಾರ ಅರ್ಧ ನೇಯ್ದದ್ದನ್ನು ಬಿಟ್ಟು ಹೊರಗೋಡಿ ಬಂದು, ಯಾರು ಮುಟ್ಟಿದವರು ಎಂದು ಕೇಳುತ್ತಿದ್ದ. ಯಾರೂ ಮುಟ್ಟಿರುತ್ತಿರಲಿಲ್ಲ. ಮಗ್ಗ ಮೆಲ್ಲಗೆ ಬಡಿಯಿರಿ ಎಂದು ನೇಕಾರರ ಓಣಿಗೆ ಹೇಳುವ ಧೈರ್ಯವಂತೂ ಅವನಿಗೆ ಬರಲಿಲ್ಲ, ಅಷ್ಟು ಬುದ್ಧಿ ಇನ್ನೂ ಉಳಿದಿತ್ತು. ಮೊದಮೊದಲು ಸೈರನ್ ಕೂಗಿದಾಗ ಓಣಿಯವರೂ ಎದ್ದು ಬಂದು ನೋಡುತ್ತಿದ್ದರು. ಬರಬರುತ್ತ ಬಿಟ್ಟರು. ನೋಡಲು ಬಂದವರನ್ನೇ ಅವನು ಅನುಮಾನದಿಂದ ನೋಡುತ್ತಿದ್ದ, ಯಾಕೆ ಬರುತ್ತಾರೆ ಹೇಳು.

ಇಷ್ಟೊಂದು ಬೀಗಗಳಿಗೆ ಅಷ್ಟೊಂದು ಚಾವಿ. ಅವನ್ನು ಒಂದೇ ಕಡೆ ಇಟ್ಟರೆ ಅಪಾಯವೆಂದು ಒಂದನ್ನು ಅಕ್ಕಿಡಬ್ಬಿಯಲ್ಲಿ, ಒಂದನ್ನು ದೇವರ ಫೋಟೋದ ಹಿಂದೆ ಇಡುತ್ತಿದ್ದ. ಒಮ್ಮೆ ಎಲ್ಲಿಟ್ಟೆ ಎಂದು ತಾನೇ ಮರೆತ. ಬೀಗ ತೆಗೆಸಲು ಗಾಡಿಯನ್ನೇ ಗ್ಯಾರೇಜಿಗೆ ಒಯ್ಯಬೇಕಾಯಿತು, ಮೆಕ್ಯಾನಿಕ್ ಒಂದು ಗೂಡ್ಸ್ ಆಟೋ ಕಳಿಸಿದ. ಗಾಲಿ ತಿರುಗದ ಗಾಡಿಯನ್ನು ಎತ್ತಿ ಅದರಲ್ಲಿ ಇಡಬೇಕಾಗಿತ್ತು. ನೇಕಾರ ಬೀದಿಯಲ್ಲಿ ನಿಂತು ಕೈ ಹಾಕ್ರೆಪಾ ಎಂದ. ಓಣಿ ಎದ್ದು ಬಂತು, ಎತ್ತಿಟ್ಟಿತು, ನಗುತ್ತ ಹಿಂತಿರುಗಿತು. ಕಳ್ಳರಿಗಿಂತ ಮೊದಲು ನಿನಗೇ ಬೀಗ ಬಿತ್ತಲ್ಲೋ ಎಂದು ಕಾಕಾ ಚೇಷ್ಟೆ ಮಾಡಿದ. ನೇಕಾರನಿಗೆ ನಗು ಬರಲಿಲ್ಲ. ಮರುದಿನವೇ ಚಾವಿಗಳನ್ನೆಲ್ಲ ದಾರದಲ್ಲಿ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡ. ಅದನ್ನು ಯಾರಿಗೂ ಹೇಳಲಿಲ್ಲ.

ಆಮೇಲೆ ಅವನು ಗಾಡಿಯನ್ನು ಹೊರಗೆ ಒಯ್ಯುವುದನ್ನೂ ಕಡಿಮೆ ಮಾಡಿದ. ಸಂತೆಗೆ ಒಯ್ದರೆ ಕಳ್ಳರು, ಆಸ್ಪತ್ರೆಗೆ ಒಯ್ದರೆ ಕಳ್ಳರು. ಕಡೆಗೆ ಸೀರೆಯ ಗಂಟು ಮತ್ತೆ ಬಸ್ಸು ಹತ್ತಿತು. ಗಾಡಿ ಮನೆಯ ಮುಂದೆ ಮದುವಣಗಿತ್ತಿಯಂತೆ ನಿಂತಿತು. ಬಸ್ಸಿನಲ್ಲಿ ನಿಂತು ಹೋಗುವ ಕಷ್ಟ ತಪ್ಪಲೆಂದು ಗಾಡಿ ಕೊಂಡವನು, ಗಾಡಿ ಕಳುವಾದೀತೆಂದು ಬಸ್ಸಿನಲ್ಲಿ ನಿಂತು ಹೋಗುತ್ತಿದ್ದ. ನೀನು ನಗಬೇಡ ಪ್ರಭುಲಿಂಗ, ಇವತ್ತು ಪ್ರವಚನ ಯಾವುದರ ಮೇಲಿತ್ತು ಹೇಳು ನೋಡೋಣ. ಬೇಡ ಬಿಡು.

ಒಂದು ದಿನ ನೇಕಾರ ಹೆಂಡತಿಯನ್ನು ಕರೆದುಕೊಂಡು ಪರವೂರಿಗೆ ಮದುವೆಗೆ ಹೊರಟ. ಕಲ್ಯಾಣ ಮಂಟಪದ ಮುಂದೆ ಗಾಡಿ ನಿಲ್ಲಿಸುವುದುಂಟೇ? ಬಸ್ಸಿನಲ್ಲೇ ಹೋದ. ಎಲ್ಲ ಬೀಗಗಳನ್ನೂ ಎಳೆದು ನೋಡಿದ. ಮನೆಯ ಚಾವಿಯನ್ನು ಎಂದಿನಂತೆ ಎದುರುಮನೆಯಲ್ಲಿ ಕೊಟ್ಟ. ಗಾಡಿಯ ಚಾವಿಗಳು ಅವನ ಸೊಂಟದಲ್ಲೇ ಹೋದವು.

ಮಧ್ಯಾಹ್ನ ಒಂದು ಗೂಡ್ಸ್ ಆಟೋ ಓಣಿಯೊಳಗೆ ಬಂತು. ಇಬ್ಬರು ಇಳಿದರು. ಹಿಂದೊಮ್ಮೆ ಈ ಗಾಡಿ ಹೀಗೆಯೇ ಹೋದದ್ದನ್ನು ಅವರು ಎಲ್ಲೋ ಕೇಳಿದ್ದರು. ಮೆಕ್ಯಾನಿಕ್ ಕಳಿಸಿದ್ದಾನೆ, ಮತ್ತೆ ಚಾವಿ ಕಳೆದಿವೆಯಂತೆ, ಹಾಗೆಯೇ ಈ ಸೈರನ್ನನ್ನೂ ಕಿತ್ತು ಹಾಕಲು ಹೇಳಿದ್ದಾರಂತೆ ಎಂದರು. ಆಮೇಲೆ ಬೀದಿಯಲ್ಲಿ ನಿಂತು, ಒಂದು ಕೈ ಹಾಕ್ರೆಪಾ ಎಂದು ಕೂಗಿದರು.

ಮಗ್ಗಗಳು ನಿಂತವು. ಓಣಿ ಎದ್ದು ಬಂತು. ಚಾವಿ ಎಲ್ಲಿವೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಕಳೆದಿವೆ ಎಂದದ್ದು ಸುಳ್ಳು ಎನ್ನುವವರೂ ಇರಲಿಲ್ಲ. ಸೈರನ್ ಹೋಗುತ್ತದೆ ಎಂಬುದನ್ನು ಕೇಳಿಯೇ ಎಲ್ಲರಿಗೂ ಅರ್ಧ ಹಬ್ಬವಾಗಿತ್ತು. ಬೀಗ ಹಾಕಿದ ಗಾಡಿಯನ್ನು ಬೀಗಗಳ ಸಮೇತ ಎತ್ತಿದರು. ಸೈರನ್ ಕೂಗುತ್ತಲೇ ಇತ್ತು, ಅದನ್ನು ಕೇಳುವ ಕಿವಿ ಯಾವುದೂ ಅಲ್ಲಿ ಉಳಿದಿರಲಿಲ್ಲ. ಗಾಡಿಯನ್ನು ಇನ್ನೇನು ಆಟೋದೊಳಗೆ ಇಡಬೇಕು, ಅಷ್ಟರಲ್ಲಿ ಕಾಕಾ ತಡೆದ. ತಗಡಿಗೆ ತಗುಲಿ ಬಣ್ಣ ಕಿತ್ತರೆ ಹುಡುಗ ನೊಂದುಕೊಳ್ಳುತ್ತಾನೆ ಎಂದು ಮನೆಯೊಳಗೆ ಹೋಗಿ ತಾನು ಹೊದೆಯುವ ಕೌದಿ ತಂದು ಹಾಸಿದ. ಅದರ ಮೇಲೆ ಗಾಡಿಯನ್ನು ಮಲಗಿಸಿದರು. ಆಟೋ ಹೋಯಿತು. ಅಂತೂ ಓಣಿ ತಣ್ಣಗಾಯಿತು ಎಂದು ಎಲ್ಲರೂ ಮಗ್ಗಕ್ಕೆ ಮರಳಿದರು.

ಸಂಜೆ ನೇಕಾರ ಬಂದ. ಗಾಡಿ ನಿಲ್ಲುವ ಜಾಗ ಖಾಲಿ. ಓಣಿಯವರು ಮುಚ್ಚಿಡುವುದಕ್ಕೇನಿತ್ತು? ನಾವೇ ಎತ್ತಿಕೊಟ್ಟೆವು ಎಂದರು. ಕಾಕಾ ಕೌದಿಯ ವಿಷಯವನ್ನೂ ಹೇಳಿದ. ಹೇಳುತ್ತ ಹೇಳುತ್ತಲೇ ಅವನಿಗೂ ಸಂಗತಿ ಹೊಳೆಯಿತು.

ನೇಕಾರ ಅತ್ತ. ಅದು ಸಹಜ. ಕೂಗಾಡಿದ. ಅದೂ ಸಹಜ. ಆಮೇಲೆ ಠಾಣೆಗೆ ಹೋದ. ಯಾರ ಮೇಲಾದರೂ ಸಂಶಯವಿದೆಯೇ ಎಂದು ಅಲ್ಲಿ ಕೇಳಿದರು. ಎಲ್ಲ ಠಾಣೆಯಲ್ಲೂ ಕೇಳುವ ಪ್ರಶ್ನೆ ಅದು. ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕಲ್ಲುಗೂಟದ ಮುಳ್ಳು ಒಳಗಿತ್ತಲ್ಲ, ಅದು ಮಾತಾಡಿತು. ಗೂಟಕ್ಕೆ ಕಟ್ಟಬೇಡ ಎಂದವನು ಅವನೇ, ಎತ್ತಿಕೊಟ್ಟವನೂ ಅವನೇ ಎಂದು ಕಾಕಾನ ಹೆಸರು ಹೇಳಿದ. ಅಷ್ಟಕ್ಕೇ ನಿಲ್ಲಿಸಲಿಲ್ಲ.

“ಕಳ್ಳರಿಗೆ ಯಾರರೆ ಹೊದಿಯೂ ಕೌದಿ ಕೊಡ್ತಾರೇನ್ರಿ?” ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಕಾಕಾನನ್ನು ಠಾಣೆಗೆ ಕರೆಸಿದರು. ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಬಾಗಿಲ ಬಳಿಯ ಬೆಂಚಿನ ಮೇಲೆ ಸಂಜೆಯವರೆಗೆ ಕೂರಿಸಿದರು. ಆ ದಾರಿಯಲ್ಲಿ ಹೋಗುವವರೆಲ್ಲ ನೋಡಿದರು. ಜೀವಮಾನದಲ್ಲಿ ಒಬ್ಬರ ಒಂದು ನೂಲೆಳೆ ಮುಟ್ಟದ ಮನುಷ್ಯ ಅಲ್ಲಿ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ ಕೂತಿದ್ದ. ಸಂಜೆ ಮನೆಗೆ ಕಳಿಸಿದರು. ಓಣಿಯಲ್ಲಿ ನಡೆದು ಬಂದ.

ಸ್ವಲ್ಪ ದಿನಕ್ಕೆ ಕಳ್ಳರು ಸಿಕ್ಕಿಬಿದ್ದರು. ದೂರದ ಊರಿನ ಗುಜರಿ ಅಂಗಡಿಯ ಹಿತ್ತಲಲ್ಲಿ ಗಾಡಿ ಸಿಕ್ಕಿತು. ಬೀಗಗಳನ್ನು ತೆರೆಯಲು ಕಳ್ಳರಿಂದ ಆಗಿರಲಿಲ್ಲ, ಒಡೆಯುವ ಮೊದಲೇ ಸಿಕ್ಕಿಬಿದ್ದಿದ್ದರು. ನೇಕಾರ ಹೋಗಿ ನೋಡಿದ. ಹ್ಯಾಂಡಲ್ ಲಾಕ್ ಇದ್ದಂತೆಯೇ ಇತ್ತು. ಮುಂದಿನ ಗಾಲಿಯ ಬೀಗ ಇತ್ತು. ಸರಪಳಿ ಇತ್ತು. ಎಲ್ಲೂ ಒಂದು ಗೀರು ಕೂಡ ಬಿದ್ದಿರಲಿಲ್ಲ. ಗೀರು ಬೀಳದಿರಲು ಕಾರಣ ಗಾಡಿಯ ಕೆಳಗೇ ಇತ್ತು.

ಆ ಓಣಿಯವರಿಗೆ ಏನೂ ಗೊತ್ತಿಲ್ಲ, ಕೇಳದೆಯೇ ಕೌದಿಯನ್ನೂ ಕೊಟ್ಟರು ಎಂದು ಕಳ್ಳರು ಪೊಲೀಸರ ಮುಂದೆ ಹೇಳಿ ನಕ್ಕಿದ್ದರಂತೆ. ನೇಕಾರ ಕೌದಿಯನ್ನು ಎಳೆದು ತೆಗೆದು ಜಾಡಿಸಿದ. ಕೌದಿಯೆಂದರೆ ಗೊತ್ತಲ್ಲ, ಮನೆಯ ಹಳೆಯ ಬಟ್ಟೆಗಳನ್ನೆಲ್ಲ ತುಂಡು ತುಂಡಾಗಿ ಕೂಡಿಸಿ ಹೊಲಿದದ್ದು. ಅದರ ನಡುವೆ ಒಂದು ಸೊಟ್ಟ ತುಂಡು ಕಂಡಿತು. ಚಿಕ್ಕವನಿದ್ದಾಗ ಕಾಕಾನ ಮಗ್ಗದಲ್ಲಿ ಕೂತು ಅವನು ಮೊದಲ ಸಲ ನೇಯ್ದು ಕೆಡಿಸಿದ ಬಟ್ಟೆ ಅದು. ಎಸೆದಿರಬೇಕು ಎಂದು ಇವನು ತಿಳಿದಿದ್ದ. ಇಷ್ಟು ವರ್ಷ ಕಾಕಾ ಅದನ್ನು ಹೊದ್ದು ಮಲಗಿದ್ದ. ಅವನಿಗೆ ನಾಚಿಕೆಯಾಯಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸುವಂಥ ನಾಚಿಕೆ.

ಊರಿಗೆ ಬಂದು ಕೌದಿಯನ್ನು ಒಗೆಸಿ, ಮಡಿಚಿ, ಎದುರುಮನೆಗೆ ಒಯ್ದ. ಕಾಕಾನ ಕಾಲು ಮುಟ್ಟಿದ. ಕಾಕಾ ಬಯ್ಯಲಿಲ್ಲ. ಗಾಡಿ ಸಿಕ್ಕಿತಲ್ಲ, ಒಳ್ಳೆಯದಾಯಿತು ಎಂದ. ಕಾಕಾನ ಹೆಂಡತಿ ಚಹಾ ಕೊಟ್ಟಳು. ನೇಕಾರ ಹಗುರಾಗಿ ಹೊರಗೆ ಬಂದ. ಗಾಡಿ ಬಂತು, ಕ್ಷಮೆಯೂ ಸಿಕ್ಕಿತು, ಹೋದದ್ದೇನೂ ಇಲ್ಲ ಎಂದುಕೊಂಡ.

ಮುಂದಿನ ಹಾಸಿನ ದಿನ ಬಂತು. ಮದುವೆಯ ಹಂಗಾಮು, ದೊಡ್ಡ ಹಾಸು. ವ್ಯಾಪಾರಿ ಇದೊಂದನ್ನು ಸರಿಯಾಗಿ ಮುಟ್ಟಿಸು, ವರ್ಷವಿಡೀ ಕೆಲಸ ಕೊಡುತ್ತೇನೆ ಎಂದಿದ್ದ. ನೇಕಾರ ಮುಂಜಾನೆಯೇ ಗೂಟದಿಂದ ಗೂಟಕ್ಕೆ ಕಟ್ಟಿದ. ಗಂಜಿ ಹಚ್ಚಿದ. ಬಿಸಿಲು ಏರುತ್ತಿತ್ತು. ಕೈ ಹಾಕ್ರೆಪಾ ಎಂದು ಕೂಗಿದ. ಯಾರೂ ಬರದಿದ್ದರೆ ಎಂಬ ಭಯ.

ಬಾಗಿಲುಗಳು ತೆರೆದವು. ಎಲ್ಲರೂ ಬಂದರು. ಒಬ್ಬನೂ ಉಳಿಯಲಿಲ್ಲ. ಹಾಸಿನ ಎರಡೂ ಬದಿಗೆ ಎಂದಿನಂತೆ ಸಾಲಾಗಿ ನಿಂತರು. ನೇಕಾರನ ಕಣ್ಣು ತುಂಬಿತು. ಆದರೆ ಕೈಗಳು ಮುಂದೆ ಬರಲಿಲ್ಲ. ಎಲ್ಲರೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಮೊದಲಿಗೆ ನಿಂತವನು ಕಾಕಾ. ಅವನು ಇವನ ಮುಖ ನೋಡಿದ.

“ಮುಟ್ಟಲೇನಪಾ?” ಎಂದು ಕೇಳಿದ.

ನೇಕಾರ ಹೂಂ ಎಂದು ತಲೆಯಾಡಿಸಿದ. ಕಾಕಾ ಕೈ ಹಾಕಿದ. ಆಮೇಲೆ ಅವನ ಪಕ್ಕದವನು ಕೇಳಿದ, ಮುಟ್ಟಲೇನು ಎಂದು. ಮುಟ್ಟು ಎಂದ. ಅವನ ಆಚೆಯವನೂ ಕೇಳಿದ. ಯಾರ ದನಿಯಲ್ಲೂ ಕೊಂಕಿರಲಿಲ್ಲ. ಹೀಗೆ ಕೇಳೋಣ ಎಂದು ಅವರು ಮಾತಾಡಿಕೊಂಡೂ ಇರಲಿಲ್ಲ. ಕೇಳದೆ ಕೈ ಹಾಕಿ ಒಮ್ಮೆ ಠಾಣೆ ಕಂಡ ಓಣಿ ಅದು, ಇನ್ನೊಮ್ಮೆ ಕೇಳದೆ ಹೇಗೆ ಹಾಕೀತು? ನೇಕಾರ ಹಾಸಿನ ಉದ್ದಕ್ಕೂ ಒಬ್ಬೊಬ್ಬರ ಮುಂದೆ ನಿಂತು, ಮುಟ್ಟ್ರಿ, ಮುಟ್ಟ್ರಿ ಎಂದು ಕೈ ಮುಗಿಯುತ್ತ ನಡೆದ. ಆಮೇಲಾಮೇಲೆ ಓಡಿದ. ಅವನು ಆ ತುದಿಯ ಗೂಟವನ್ನು ತಲುಪುವಷ್ಟರಲ್ಲಿ ಅಲ್ಲಿ ಗಂಜಿ ಆರಿತ್ತು.

ಅವನ ಬೀಗಗಳು ಎಲ್ಲವೂ ಚೆನ್ನಾಗಿಯೇ ಇದ್ದವು.

ಗುರುಗಳು ಕತೆ ನಿಲ್ಲಿಸಿದರು. ಪ್ರಭುಲಿಂಗ ತಲೆ ತಗ್ಗಿಸಿ ಕೂತಿದ್ದ. ಈ ಹೊತ್ತಿನವರೆಗೆ ಒಮ್ಮೆಯೂ ಗೇಟಿನ ಕಡೆ ನೋಡಿರಲಿಲ್ಲ. ಈಗ ನೋಡಿದ. ಗಾಡಿ ಇದ್ದಲ್ಲೇ ಇತ್ತು. ಅದರ ಆಚೆ ಗೌರವ್ವನ ಬೆನ್ನು ಕಾಣುತ್ತಿತ್ತು.

“ಹಂಗಾದ್ರ ಬೀಗ ಹಾಕಬಾರದೇನ್ರಿ ಅಜ್ಜಾರ?” ಎಂದು ಮೆಲ್ಲಗೆ ಕೇಳಿದ.

ಗುರುಗಳು ಏಳುತ್ತ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

“ಬೀಗ ಎಷ್ಟ ಬೇಕಾದ್ರೂ ಹಾಕಪಾ, ನಾಳೆ ಬರೂವಾಗ ಚಾವಿ ಮಾತ್ರ ಆ ಗೌರವ್ವನ ಕಡೆ ಕೊಟ್ಟು ಒಳಗ ಬಾ.”